ಇಲಿಯ ಪಾಲಿನ ಅನ್ನ

ಮೊನ್ನೆ ಹಾಸನದ ಸಾಲಗಾಮೆ ರಸ್ತೆಯ ಮನೆಯೊಂದರಲ್ಲಿ ಅಡುಗೆಮನೆಯ ಸ್ವಿಚ್ ಬೋರ್ಡು ಬಿಚ್ಚಿದೆ. ನಾಲ್ಕು ಸ್ಕ್ರೂ ತೆಗೆದು ಮುಚ್ಚಳ ಎಳೆದದ್ದೇ ತಡ, ಒಳಗಿನಿಂದ ಒಂದು ವಾಸನೆ ಮುಖಕ್ಕೆ ಹೊಡೆಯಿತು. ಹಳೇ ಕೊಬ್ಬರಿ ಎಣ್ಣೆಯ ಕಮಟು, ಅದರ ಜೊತೆಗೆ ಇಲಿಯ ಉಚ್ಚೆಯ ಘಾಟು. ಈ ಎರಡು ವಾಸನೆಗಳೂ ನಿಮಗೆ ಬೇರೆಬೇರೆಯಾಗಿ ಗೊತ್ತಿರುತ್ತವೆ. ಎರಡೂ ಸೇರಿದರೆ ಹೇಗಿರುತ್ತದೆ ಅನ್ನುವುದು ನನ್ನಷ್ಟು ಚೆನ್ನಾಗಿ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಗೆ ಗೊತ್ತಿರಲಾರದು.

ಮರದ ಪೆಟ್ಟಿಗೆಯೊಳಗೆ ವೈರುಗಳ ನಡುವೆ ಒಂದು ಗೂಡು. ದೇವರ ಮನೆಯಿಂದ ತಂದ ಹೂಬತ್ತಿಯ ಎಳೆ, ಪೇಪರಿನ ಚೂರು, ಗೋಣಿನಾರು, ಕೆಂಪು ಹಳದಿ ಕಪ್ಪು ವೈರಿನ ಸಿಪ್ಪೆ, ಎಲ್ಲವನ್ನೂ ಸಣ್ಣಗೆ ಸಿಗಿದು ಮೆತ್ತೆ ಮಾಡಿತ್ತು. ಅದರ ನಡುವೆ ಐದು ಮರಿ. ಇನ್ನೂ ಕಣ್ಣು ಬಿಟ್ಟಿಲ್ಲ, ಮೈಮೇಲೆ ಕೂದಲಿಲ್ಲ, ಹಸಿ ಕಡಲೆಕಾಯಿ ಬೀಜದ ಬಣ್ಣ. ತಾಯಿ ನನ್ನ ಸ್ಕ್ರೂಡ್ರೈವರಿನ ಸದ್ದಿಗೇ ಪೈಪಿನೊಳಗೆ ಓಡಿಹೋಗಿರಬೇಕು.

ಮನೆಯ ಯಜಮಾನರು ಸೊಂಟದ ಮೇಲೆ ಕೈಯಿಟ್ಟುಕೊಂಡು ಹಿಂದೆ ನಿಂತಿದ್ದರು. ಮನೆ ಕೊಂಡು ಎರಡು ತಿಂಗಳಾಗಿದೆಯಂತೆ. ಮಿಕ್ಸಿ ಹಾಕುವಾಗ ಹೆಂಡತಿಯ ಕೈ ಜುಮ್ಮೆಂದಿತಂತೆ.

"ಯಾವ ಬಡ್ಡೀಮಗ ರೀ ಇದಕ್ಕೆ ವೈರಿಂಗ್ ಮಾಡಿದ್ದು?" ಅಂದರು. "ಕೈಗೆ ಸಿಕ್ಕಿದ್ರೆ ನಾಲ್ಕು ಬಿಗೀಬೇಕು ಅವನಿಗೆ."

ಮುಚ್ಚಳ ನನ್ನ ಕೈಯಲ್ಲಿತ್ತು. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಹೆಸರು. ನನ್ನದೇ.

ಇದು ನನ್ನ ಹಳೇ ಚಾಳಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಯಾವ ಸರ್ಟಿಫಿಕೇಟಿನ ಮೇಲೂ ನನ್ನ ಹೆಸರು ಬರೆಯುವ ಭಾಗ್ಯ ಸರ್ಕಾರಕ್ಕೆ ಸಿಗಲಿಲ್ಲ. ಹಾಗಾಗಿ ನಾನೇ ಬರೆದುಕೊಳ್ಳುತ್ತಾ ಬಂದೆ. ವೈರಿಂಗ್ ಮುಗಿಸಿದ ಪ್ರತಿ ಮನೆಯಲ್ಲೂ ಒಂದು ಬೋರ್ಡಿನ ಹಿಂದೆ ನನ್ನ ಹೆಸರಿದೆ. ಯಾರಿಗೂ ಕಾಣುವುದಿಲ್ಲ, ಆದರೆ ಇದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಊರಿನ ಗೋಡೆಗಳ ಒಳಗೆ ನಾನಿದ್ದೇನೆ ಎಂದು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೆಮ್ಮೆಪಟ್ಟ ದಿನಗಳಿವೆ. ಗೋಡೆಯ ಒಳಗೆ ನನಗಿಂತ ಮೊದಲೇ ಬೇರೆಯವರು ಇದ್ದಾರೆ ಎನ್ನುವುದು ಆಗ ಗೊತ್ತಿರಲಿಲ್ಲ.

ಯಜಮಾನರಿಗೆ ಉತ್ತರ ಹೇಳುವ ಮುಂಚೆ ನಿಮಗೆ ಹಿಂದಿನದನ್ನು ಸ್ವಲ್ಪ ಹೇಳಬೇಕು. ಅವರು ನಿಂತಿರಲಿ.

ನಾನು ಕೆಲಸ ಕಲಿತ ಕಾಲದಲ್ಲಿ ವೈರು ಗೋಡೆಯ ಮೇಲೆ, ಮರದ ಪಟ್ಟಿಯ ಮೇಲೆ ಹೋಗುತ್ತಿತ್ತು. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೂತಲ್ಲೇ ನೋಡಬಹುದಿತ್ತು. ತೊಂಬತ್ತರ ಆಚೆಗೆ ನಮ್ಮ ಕಡೆಯ ಊರುಗಳಿಗೂ ಗೋಡೆಯೊಳಗಿನ ಪೈಪು ಬಂತು. ಗೋಡೆ ಕೊರೆದು ಪ್ಲಾಸ್ಟಿಕ್ ಪೈಪು ಹೂತು, ಗಾರೆ ಮುಗಿದ ಮೇಲೆ ಅದರೊಳಗೆ ವೈರು ಎಳೆಯಬೇಕು. ನೇರ ಪೈಪಾದರೆ ಸರಿ. ಎರಡು ತಿರುವು ಬಂತೋ, ವೈರು ಒಳಗೆ ಕಚ್ಚಿಕೊಂಡು ಕೂರುತ್ತದೆ. ಈ ಕಡೆಯಿಂದ ಒಬ್ಬ ತಳ್ಳಿ ಆ ಕಡೆಯಿಂದ ಒಬ್ಬ ಎಳೆದರೂ ಬರುವುದಿಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಅದಕ್ಕೆ ಮುಖದ ಪೌಡರು ಹಾಕುತ್ತಿದ್ದರು. ವೈರಿಗೆ ಚೆನ್ನಾಗಿ ಪೌಡರು ಬಳಿದು, "ಮದ್ವೆ ಗಂಡಿನಂಗೆ ರೆಡಿ ಮಾಡ್ಲಾ, ಆಮೇಲೆ ಒಳೀಕ್ ಕಳ್ಸು" ಎನ್ನುವರು.

ಸ್ವಂತ ಕೆಲಸ ಹಿಡಿದ ಮೇಲೆ ಮೇಸ್ತ್ರಿಯ ಪೌಡರು ನನಗೆ ಸಾಲದಾಯಿತು. ನನ್ನದೇ ಒಂದು ಗುಟ್ಟು ಬೇಡವೇ? ಚನ್ನರಾಯಪಟ್ಟಣದಲ್ಲಿ ನನ್ನ ಅಕ್ಕ ಇದ್ದಾಳೆ. ಅವರದು ತೆಂಗಿನ ತೋಟ, ಮನೆಯ ಅಟ್ಟದ ತುಂಬ ಕೊಬ್ಬರಿ. ಹೋದಾಗಲೆಲ್ಲ ತಲೆಗೆ ಹಚ್ಚಿಕೊಳ್ಳಲೆಂದು ಗಾಣದ ಎಣ್ಣೆಯನ್ನು ಬಾಟಲಿ ತುಂಬ ಕೊಡುವಳು. ಒಂದು ದಿನ ಬಿಗಿಯಾದ ಪೈಪೊಂದಕ್ಕೆ ಆ ಎಣ್ಣೆ ಬಿಟ್ಟು ನೋಡಿದೆ. ವೈರು ಕೇರೆಹಾವಿನ ಹಾಗೆ ಸರ್ರನೆ ಹೋಯಿತು. ಅಲ್ಲಿಂದ ಮುಂದೆ ಎರಡು ವರ್ಷ ನನ್ನ ತಲೆಗೆ ಒಂದು ತೊಟ್ಟು ಎಣ್ಣೆ ಬೀಳಲಿಲ್ಲ. ಜಿಲ್ಲೆಯ ವೈರುಗಳೆಲ್ಲ ಮಿರಮಿರ ಮಿಂಚಿದವು.

ಹೊಳೆನರಸೀಪುರದ ಮೇಷ್ಟ್ರ ಮನೆ ಆ ಎರಡು ವರ್ಷದೊಳಗೆ ಬಂದದ್ದು. ಮೇಷ್ಟ್ರು ರಿಟೈರಾಗಿ ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದ್ದರು. ಮಗ ಸೊಸೆ ಇಬ್ಬರೂ ಊರಿನಲ್ಲೇ ಪಾಠ ಹೇಳುವವರು. ಆ ಬೀದಿಗೇ ಗೋಡೆಯೊಳಗಿನ ವೈರಿಂಗ್ ಮೊದಲು ಬಂದದ್ದು ಅವರ ಮನೆಗೆ, ಮಾಡಿದವನು ನಾನು. ಅಕ್ಕಪಕ್ಕದವರು ನೋಡಲು ಬರುತ್ತಿದ್ದರು. ನಾನು ಸ್ಟೂಲಿನ ಮೇಲೆ ನಿಂತೇ ಎಲ್ಲರಿಗೂ ವಿವರಿಸುತ್ತಿದ್ದೆ. ಅಟ್ಟದ ಮೇಲೆ ಒಂದು ಪೈಪಿನ ಬಾಯಿಯನ್ನು ಮುಚ್ಚದೆ ಬಿಟ್ಟದ್ದನ್ನೂ ತೋರಿಸಿ, "ನಾಳೆ ಇನ್ನೊಂದ್ ಫ್ಯಾನ್ ಬೇಕು ಅಂದ್ರೆ ಗೋಡೆ ಒಡಿಯಂಗಿಲ್ಲ ಸಾ, ಇಲ್ಲಿಂದ ಎಳಕೊಳದು. ಮುಂದಾಲೋಚ್ನೆ ಇರ್ಬೇಕು" ಎಂದಿದ್ದೆ.

ಮೇಷ್ಟ್ರ ಹೆಂಡತಿ ಸೀತಮ್ಮನವರು. ತೆಳ್ಳಗೆ, ಮೆಲುಮಾತಿನವರು. ನಾನು ವೈರಿಗೆ ಎಣ್ಣೆ ಸವರುವುದನ್ನು ನೋಡಿ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಎಣ್ಣೆ ಯಾತಕ್ಕಪ್ಪಾ?"

"ಜಾರಕ್ಕೆ ಅಮ್ಮಾ."

"ಅಲ್ಲಪ್ಪಾ, ಗೋಡೆಯೊಳಗೆ ಎಣ್ಣೆ ಹೋದ್ರೆ ಆಮೇಲೆ ಅದನ್ನ ತೊಳೆಯೋರು ಯಾರು?"

ನನಗೆ ನಗು ಬಂತು. "ಇದು ಕೆಲಸದ ಗುಟ್ಟು ಅಮ್ಮಾವ್ರೆ. ಬಾಣ್ಲೆ ಅಲ್ಲ ತೊಳಿಯಕ್ಕೆ. ನಿಮ್ಗೆ ಗೊತ್ತಾಗಕಿಲ್ಲ ಬುಡಿ" ಎಂದೆ. ಅವರೂ ನಕ್ಕು ಒಳಗೆ ಹೋದರು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಧ್ಯಾಹ್ನ ದೇವರಿಗೆ ನೈವೇದ್ಯವಾದ ಮೇಲೆ ಸೀತಮ್ಮನವರು ಮೊದಲ ಹಿಡಿ ಅನ್ನವನ್ನು ಬಾಳೆಲೆಯ ತುಂಡಿನ ಮೇಲೆ ಹಾಕಿ ಒರಳುಕಲ್ಲಿನ ಹಿಂದಿನ ಮೂಲೆಯಲ್ಲಿ ಇಡುವರು. ಇಲಿಗೆ. ಅವರ ಅತ್ತೆ ಇಡುತ್ತಿದ್ದರಂತೆ, ಅತ್ತೆಯ ಅತ್ತೆಯೂ ಇಡುತ್ತಿದ್ದರಂತೆ. ಮನೆ ಹೊಸದಾದರೂ ಒರಳುಕಲ್ಲು ಹಳೆಯದೇ, ಮೂಲೆಯೂ ಅದೇ. "ಅದರ ಪಾಲು ಅದಕ್ಕೆ ಸಿಕ್ಕಿದ್ರೆ ನನ್ನ ಸೀರೆ ತಂಟೆಗೆ ಬರೋದಿಲ್ಲಪ್ಪಾ. ಇಷ್ಟು ವರ್ಷದಲ್ಲಿ ಒಂದು ಪಂಚೆ ಕಡಿದಿಲ್ಲ" ಎನ್ನುವರು.

ಇಲಿ ಮನುಷ್ಯರ ಮನೆಯಲ್ಲಿ ಹೇಗೆ ಬದುಕುತ್ತದೆ ಎಂದು ನಿಮಗೆ ತಿಳಿಯಬೇಕಾದರೆ ನಮ್ಮಂಥ ವೈರಿಂಗ್‌ನವರನ್ನು ಕೇಳಬೇಕು. ಮನೆಯವರು ಇಲಿಯ ಬಾಲ ಮಾತ್ರ ನೋಡಿರುತ್ತಾರೆ. ನಾವು ಅದರ ಸಂಸಾರ ನೋಡಿರುತ್ತೇವೆ. ಅದು ಕೋಣೆಯ ನಡುವೆ ನಡೆಯುವುದಿಲ್ಲ. ಗೋಡೆಯ ಅಂಚು ಹಿಡಿದೇ ಹೋಗುತ್ತದೆ, ಮೀಸೆ ಗೋಡೆಗೆ ತಾಗುತ್ತಿರಬೇಕು. ದಿನವೂ ಅದೇ ದಾರಿ. ಮೈಯ ಜಿಡ್ಡು ತಾಗಿ ತಾಗಿ ಸುಣ್ಣದ ಗೋಡೆಯ ಬುಡದಲ್ಲಿ ಒಂದು ಕಪ್ಪು ಗೆರೆ ಮೂಡಿರುತ್ತದೆ. ಪೆನ್ಸಿಲು ತೂರುವಷ್ಟು ಸಂದಿಯಿದ್ದರೆ ಸಾಕು, ಅದಕ್ಕೆ ಅದು ಹೆಬ್ಬಾಗಿಲು. ತಲೆ ಹೋದರೆ ಮೈಯನ್ನು ಹೇಗೋ ಎಳೆದುಕೊಳ್ಳುತ್ತದೆ. ಒಂದೇ ಕಡೆ ಕೂತು ಹೊಟ್ಟೆ ತುಂಬ ತಿನ್ನುವ ಜಾತಿಯಲ್ಲ. ಇಲ್ಲಿ ಒಂದು ಕಾಳು, ಅಲ್ಲಿ ಅರ್ಧ ಕಾಳು, ಹತ್ತು ಕಡೆ ರುಚಿ ನೋಡಿ ಊಟ ಮುಗಿಸುತ್ತದೆ. ಅದಕ್ಕೇ ಅಷ್ಟು ಸುಲಭವಾಗಿ ಪಾಷಾಣಕ್ಕೆ ಬೀಳುವುದಿಲ್ಲ. ಅರಕಲಗೂಡಿನ ಅಕ್ಕಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಹುಡುಕಿದರೂ ಒಂದು ತೊಟ್ಟು ನೀರಿರಲಿಲ್ಲ. ಅಲ್ಲಿ ಇಲಿಗಳು ಅಜ್ಜ ಮೊಮ್ಮಗ ಎನ್ನುವಂತೆ ವಂಶ ಬೆಳೆಸಿದ್ದವು. ಒಣಕಾಳಿನಲ್ಲಿರುವ ಪಸೆಯೇ ಅವಕ್ಕೆ ಸಾಕಂತೆ. ರುದ್ರಪಟ್ಟಣದ ಒಂದು ಮನೆಯಲ್ಲಂತೂ ಬಿರುಕು ಬಿಟ್ಟ ತಂಬೂರಿಯ ಬುರುಡೆಯೊಳಗೇ ಮರಿ ಹಾಕಿತ್ತು. ಹಿರಿಯರು ತಂತಿ ಮೀಟಿದರೆ ಒಳಗಿನಿಂದ ಕಿಚಕಿಚ. "ಶ್ರುತಿ ಸೇರ್ತಾ ಇದೆ ಕಣಯ್ಯಾ, ಒಂದು ಹದಿನೈದು ದಿನ ಬಿಡು" ಎಂದು ಅವರು ತಂಬೂರಿಯನ್ನು ಗೋಡೆಗೆ ಒರಗಿಸಿ ಸುಮ್ಮನಾದರು.

ನಾನೂ ಬೇರೆಯವರ ಮನೆಗಳಲ್ಲೇ ಬದುಕಿದವನು. ಹಜಾರದ ನಡುವೆ ಕಾಲಿಡದೆ ಗೋಡೆಯ ಅಂಚಿನಲ್ಲೇ ಓಡಾಡಿದವನು. ಯಾವ ಮನೆಯಲ್ಲಿ ಎಷ್ಟು ಹೊತ್ತಿಗೆ ಕಾಫಿ ಬರುತ್ತದೆ ಎಂದು ಇಲಿಯಷ್ಟೇ ಚೆನ್ನಾಗಿ ಬಲ್ಲವನು. ಆದರೂ ಆಗ ಇಲಿಯನ್ನು ನನ್ನ ಸಮಕ್ಕೆ ಎಣಿಸಿರಲಿಲ್ಲ.

ವರ್ಷ ತುಂಬುವುದರೊಳಗೆ ಮೇಷ್ಟ್ರಿಂದ ಕರೆ ಬಂತು. ಅಡುಗೆಮನೆಯ ಲೈಟು ಹತ್ತುತ್ತಿಲ್ಲ, ಫ್ಯೂಸ್ ಹಾಕಿದಷ್ಟೂ ಹೋಗುತ್ತಿದೆ. ಹೋಗಿ ವೈರು ಹೊರಗೆಳೆದರೆ ಗೇಣುಗೇಣಿಗೂ ಸಿಪ್ಪೆ ಕಿತ್ತು ತಾಮ್ರ ಹಲ್ಲು ಕಿರಿಯುತ್ತಿದೆ. ಜಗಲಿಯಲ್ಲಿ ಬೀದಿಯ ನಾಲ್ಕು ಜನ ಸೇರಿದ್ದರು. ಅವರಲ್ಲಿ ಒಬ್ಬರು, "ವೈರಿಂಗೇ ಸರಿಯಿಲ್ಲ ಅನ್ಸತ್ತೆ" ಅಂದುಬಿಟ್ಟರು. ನನಗೆ ಮೈಯೆಲ್ಲ ಉರಿದು ಹೋಯಿತು. ವೈರನ್ನು ಮೇಲೆತ್ತಿ ಹಿಡಿದೆ.

"ನೋಡಿ ಸಾ, ಕಣ್ಣಾರೆ ನೋಡಿ. ಇದು ಹಲ್ಲಿನ ಗುರ್ತು. ನನ್ ಕೆಲಸದಲ್ಲಿ ಕೂದ್ಲೆಳೆ ತಪ್ಪಿಲ್ಲ. ಅಮ್ಮಾವ್ರು ಇಲಿಗೆ ದಿನಾ ಎಲೆ ಹಾಕಿ ಬಡಿಸ್ತವ್ರೆ. ಉಂಡ್ಮೇಲೆ ಅವಕ್ಕೆ ಎಲೆಅಡಿಕೆ ಬ್ಯಾಡ್ವಾ? ನನ್ ವೈರ್ ಅಗಿತವೆ!"

ಜಗಲಿಯವರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟ್ರೂ ನಕ್ಕರು. ಸೀತಮ್ಮನವರು ಬಾಗಿಲ ಹಿಂದೆ ನಿಂತಿದ್ದವರು ಒಳಗೆ ಹೋದರು. ಆಮೇಲೆ ಕಾಫಿ ತಂದಿಟ್ಟವರು ಅವರ ಸೊಸೆ. ನನ್ನ ಹೆಸರು ಉಳಿಯಿತಲ್ಲ, ಅಷ್ಟು ಸಾಕೆಂದು ಹೊಸ ವೈರಿಗೆ ಕೈತುಂಬ ಎಣ್ಣೆ ಸವರಿ, ಎಳೆದು ಮುಗಿಸಿ, ಬಸ್ಸು ಹತ್ತಿದೆ.

ಆರು ತಿಂಗಳಿಗೆ ಮತ್ತೆ ಕರೆ. ಈ ಸಲ ಹಜಾರದ ವೈರೂ ಹೋಗಿತ್ತು. "ಇಲಿಗೆ ಈಗ ಏನೂ ಇಡ್ತಾ ಇಲ್ಲಯ್ಯಾ ಇವಳು. ನೀನು ಹೇಳಿದ ದಿನದಿಂದ ನಿಲ್ಸಿದಾಳೆ" ಎಂದರು ಮೇಷ್ಟ್ರು. ಬೋನು ತಂದಿದ್ದರು. ಬೆಳಿಗ್ಗೆ ವಾಕಿಂಗ್ ಹೋಗುವಾಗ ಕೈಯಲ್ಲಿ ಬೋನು ಹಿಡಿದು ಹೇಮಾವತಿಯ ಸೇತುವೆ ದಾಟಿಸಿ ಬಿಟ್ಟು ಬರುತ್ತಿದ್ದರಂತೆ. "ಇಡೀ ಕ್ಲಾಸಿಗೇ ಟಿ.ಸಿ. ಕೊಟ್ಟೆ. ಆದ್ರೂ ಹೊಸ ಅಡ್ಮಿಷನ್ ನಿಲ್ತಾ ಇಲ್ಲ." ನಾನು ಮತ್ತೆ ವೈರು ಬದಲಾಯಿಸಿದೆ. ಮತ್ತೆ ಎಣ್ಣೆ.

ಅಷ್ಟರಲ್ಲಿ ಅರಕಲಗೂಡಿನ ವ್ಯಾಪಾರಿಯ ಮನೆಯಿಂದಲೂ ಅದೇ ದೂರು. ಅದೇ ಬೀದಿಯಲ್ಲಿ ಇನ್ನೊಬ್ಬ ವೈರಿಂಗ್ ಮಾಡಿದ್ದ ಮನೆಯಲ್ಲಿ ಏನೂ ಆಗಿರಲಿಲ್ಲ, ಇಲಿ ಮಾತ್ರ ಅಲ್ಲೂ ಬೇಕಾದಷ್ಟಿತ್ತು. ಹೊಳೆನರಸೀಪುರದಲ್ಲಿ ನನಗೆ ಬರಬೇಕಿದ್ದ ಎರಡು ಮನೆ ಅವನ ಪಾಲಾಯಿತು. ನನ್ನ ವೈರು ಮಾತ್ರ ಯಾಕೆ? ಊಟ ಸೇರದಂತಾಯಿತು ನನಗೆ. ಕಂಪನಿಯ ವೈರಿನ ಮೇಲೆ ಅನುಮಾನ ಪಟ್ಟೆ, ಆ ಇನ್ನೊಬ್ಬನೇ ಇಲಿ ಬಿಟ್ಟನೇನೋ ಎಂದೂ ಒಂದು ಕ್ಷಣ ಯೋಚಿಸಿದೆ. ನಗಬೇಡಿ. ಅಹಂಕಾರಕ್ಕೆ ಪೆಟ್ಟು ಬಿದ್ದವನ ಬುದ್ಧಿ ಎಲ್ಲೆಲ್ಲಿಗೋ ಹೋಗುತ್ತದೆ.

ಆ ತಲೆಬಿಸಿಯಲ್ಲೇ ಒಂದು ಭಾನುವಾರ ಚನ್ನರಾಯಪಟ್ಟಣಕ್ಕೆ ಅಕ್ಕನ ಮನೆಗೆ ಹೋದೆ. ಮುದ್ದೆ ಬಡಿಸಿ ಎದುರಿಗೆ ಕೂತಳು. ನನ್ನ ತಲೆಯನ್ನೇ ನೋಡಿದಳು.

"ಏನ್ಲಾ ಇದು, ಕೂದ್ಲು ತೆಂಗಿನ ನಾರಾಗದೆ! ನಾ ಕೊಡೋ ಎಣ್ಣೆನ ಏನ್ ಮಾಡ್ತೀಯ?"

"ಹಚ್ಕೊತೀನಿ ಕಣಕ್ಕ."

"ಯಾರ್ಗೆ? ಎಮ್ಮೆಗಾ?"

ಮಾತು ಬದಲಿಸಲು ಅಟ್ಟದ ಕಡೆ ನೋಡಿ, "ಕೊಬ್ರಿಗೆ ಇಲಿ ಕಾಟ ಇಲ್ವೇನಕ್ಕ?" ಎಂದೆ.

"ಅಯ್ಯೋ, ಕೊಬ್ರಿ ಬುಡು. ಎಣ್ಣೆ ಒರ್ಸಿದ್ ಬಟ್ಟೆನ ಮೂಲೇಲಿ ಮರ್ತು ಬಿಸಾಕಿದ್ರೆ ಬೆಳಗ್ಗೀಕೆ ಬಟ್ಟೆನೇ ಇರಕಿಲ್ಲ. ಮೊನ್ನೆ ಎಣ್ಣೆ ಕೈಲಿ ಮುಟ್ಟಿದ್ನಲ್ಲ ಅಂತ ಪೊರಕೆ ಹಿಡೀನೇ ಕಡ್ದಾಕದೆ. ಬಟ್ಟೆ ಪೊರಕೆ ತಿಂದು ಅದೇನ್ ಹೊಟ್ಟೆ ತುಂಬ್ತದಾ? ಎಣ್ಣೆ ವಾಸ್ನೆಗೆ ಕಣ್ಲಾ ಬರಾದು."

ಮುದ್ದೆ ಗಂಟಲಲ್ಲೇ ನಿಂತಿತು. ಅಕ್ಕ ನೀರಿನ ಚೆಂಬು ಮುಂದೆ ತಳ್ಳಿ, "ನುಂಗಾಕೂ ಎಣ್ಣೆ ಬೇಕೇನ್ಲಾ?" ಎಂದಳು.

ಇಲಿಗೆ ದಾರಿ ಮಾಡಿ, ದಾರಿಯುದ್ದಕ್ಕೂ ಎಣ್ಣೆ ಸವರಿ, ಅಟ್ಟದ ಮೇಲೆ ಬಾಗಿಲನ್ನೂ ತೆರೆದಿಟ್ಟು, ಕೊನೆಗೆ ಹಿಡಿ ಅನ್ನವಿಟ್ಟ ಹೆಂಗಸನ್ನು ನಾಲ್ಕು ಜನರ ಮುಂದೆ ಆಡಿಕೊಂಡವನು ನಾನು.

ಮಾರನೇ ವಾರ ಮೇಷ್ಟ್ರ ಮನೆಗೆ ಹೋದೆ. ಪೈಪುಗಳಿಗೆಲ್ಲ ಸೋಪಿನ ನೀರಿನ ಬಟ್ಟೆ ಎಳೆದು ಒರೆಸಿದೆ, ಒಣಗಿಸಿದೆ, ಹೊಸ ವೈರಿಗೆ ಪೌಡರು ಹಾಕಿ ಎಳೆದೆ, ಪೈಪಿನ ಬಾಯಿಗಳಿಗೆ ಗಾಜಿನ ಪುಡಿ ಬೆರೆಸಿದ ಸಿಮೆಂಟು ಮೆತ್ತಿದೆ. ನಾಲ್ಕು ದಿನದ ಕೆಲಸ. ನನ್ನದೇ ಖರ್ಚು. ಮೇಷ್ಟ್ರು ಕೇಳಿದಾಗ ಏನು ಹೇಳಿದೆ ಗೊತ್ತೇ? "ವೈರ್ ಕಂಪ್ನಿದೇ ಸರಿ ಇರ್ಲಿಲ್ಲ ಸಾ. ನನ್ ಕೆಲಸ ಅಲ್ವಾ, ಹಂಗೇ ಬುಡಕ್ಕಾಗಲ್ಲ." ಮೇಷ್ಟ್ರು ಬೀದಿಗೆಲ್ಲ ಹೇಳಿಕೊಂಡು ಬಂದರು, ಇಂಥ ಪ್ರಾಮಾಣಿಕ ಕೆಲಸಗಾರ ಈ ಕಾಲದಲ್ಲಿ ಸಿಗುವುದಿಲ್ಲ ಎಂದು. ಕೆಲಸ ಮತ್ತೆ ಬರತೊಡಗಿತು. ಒರಳುಕಲ್ಲಿನ ಹಿಂದಿನ ಮೂಲೆ ಮಾತ್ರ ಗುಡಿಸಿ ಸಾರಿಸಿ ಖಾಲಿಯಿತ್ತು. ನಾಲ್ಕು ದಿನವೂ ಅದನ್ನು ನೋಡಿದೆ. ನಾಲ್ಕು ದಿನವೂ ಬಾಯಿ ಬಿಡಲಿಲ್ಲ.

ಎಣ್ಣೆ ಹಾಕಿದ್ದ ಉಳಿದ ಮನೆಗಳಿಗೂ ಒಂದೊಂದಾಗಿ ಹೋಗಿ ಸರಿಮಾಡಿದೆ. ಕೆಲವು ಕೈಬದಲಾಗಿದ್ದವು, ಕೆಲವು ಮರೆತೇಹೋಗಿದ್ದವು. ಹೀಗೆ ಆರು ವರ್ಷ ಕಳೆಯಿತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮೇಷ್ಟ್ರ ಸೊಸೆ ಗೀಸರಿಗೆ ಒಂದು ಪಾಯಿಂಟ್ ಬೇಕೆಂದು ಕರೆಸಿದರು. ನಾನು ಚೀಲದಿಂದ ವೈರಿನ ಸುರುಳಿ ತೆಗೆದು ಬಿಚ್ಚುತ್ತಿದ್ದೆ. ಸೀತಮ್ಮನವರಿಗೆ ಮಂಡಿನೋವು ಬಂದಿತ್ತು. ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ನಿಂತರು. ಕೈಯಲ್ಲಿ ಒಂದು ಬಟ್ಟಲು.

"ಎಣ್ಣೆ ತಂದಿದೀನಪ್ಪಾ. ತಂತಿಗೆ ಬೇಕಾಗತ್ತಲ್ಲ ನಿನಗೆ."

ಆ ಬಟ್ಟಲು ನೋಡಿ ನನ್ನ ಕೈ ನಿಂತುಹೋಯಿತು. ಇನ್ನು ಮುಚ್ಚಿಡಲು ಆಗಲಿಲ್ಲ. ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಎಣ್ಣೆ, ಅಕ್ಕ, ಕಂಪನಿಯ ಮೇಲೆ ಹಾಕಿದ ಸುಳ್ಳು, ಎಲ್ಲ. "ಇಲಿದೂ ತಪ್ಪಿರ್ಲಿಲ್ಲ ಅಮ್ಮಾ, ನಿಮ್ದೂ ತಪ್ಪಿರ್ಲಿಲ್ಲ. ನಂದೇ" ಎಂದೆ.

ಸೀತಮ್ಮನವರು, "ತೊಳೆಯೋರು ಯಾರು ಅಂತ ಅವತ್ತೇ ಕೇಳಿದ್ನಲ್ಲಪ್ಪಾ" ಎಂದರು.

ಪೇಪರಿನ ಹಿಂದಿನಿಂದ ಮೇಷ್ಟ್ರು, "ತೊಳೆಯೋರು ಸಿಕ್ಕಿದ್ರಲ್ಲೇ, ಇನ್ನೇನು" ಎಂದರು. ಅವರು ನಕ್ಕರು, ಸೊಸೆ ನಕ್ಕರು, ನಾನೂ ನಕ್ಕೆ. ಬೈಸಿಕೊಳ್ಳಲು ಕೂತವನಿಗೆ ಇಷ್ಟು ಸುಲಭವಾಗಿ ಮುಗಿಯಿತಲ್ಲ ಎನಿಸಿತು.

ಸೀತಮ್ಮನವರು ನಕ್ಕಿರಲಿಲ್ಲ. ಬಟ್ಟಲನ್ನು ಸೆರಗಿನ ತುದಿಯಿಂದ ಒರೆಸುತ್ತಾ ನಿಂತಿದ್ದರು.

"ಹಾಗಾದ್ರೆ, ನಾಳೆಯಿಂದ ಇಡಬಹುದೇನಪ್ಪಾ?"

"ಏನಮ್ಮಾ?"

"ಅದರ ಪಾಲು."

ಆರು ವರ್ಷಕ್ಕಿಂತ ಹೆಚ್ಚಾಗಿತ್ತು. ಅವರ ಮನೆ, ಅವರ ಅಡುಗೆ, ಅವರ ಅತ್ತೆ ಕೈಗೆ ಕೊಟ್ಟು ಹೋದ ಪದ್ಧತಿ. ಏಳನೇ ಕ್ಲಾಸು ಓದಿದ ನಾನೊಬ್ಬ, ಕೆಲಸ ಬಲ್ಲವನು ಅನ್ನುವ ಗತ್ತಿನಲ್ಲಿ, ಜಗಲಿಯವರನ್ನು ನಗಿಸಲು ಆಡಿದ ಮಾತಿಗೆ ಅವರು ಅದನ್ನು ಬಿಟ್ಟಿದ್ದರು. ಇಷ್ಟು ದಿನ ಪ್ರತಿ ಮಧ್ಯಾಹ್ನ ಆ ಮೊದಲ ಹಿಡಿ ಅನ್ನವನ್ನು ಏನು ಮಾಡುತ್ತಿದ್ದರೋ ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

"ನಾಳೆ ಯಾಕಮ್ಮಾ, ಇವತ್ತೇ ಇಡಿ" ಎಂದೆ.

ಅಂದು ಮಧ್ಯಾಹ್ನ ಅವರು ಮಂಡಿ ಹಿಡಿದುಕೊಂಡು ಬಗ್ಗಿ, ಬಾಳೆಲೆಯ ತುಂಡನ್ನು ಒರಳುಕಲ್ಲಿನ ಹಿಂದೆ ಸರಿಸಿದರು. ಇಲಿ ಬಂತೋ ಇಲ್ಲವೋ ನಾನು ನೋಡಲಿಲ್ಲ. ಗೀಸರಿನ ಕೆಲಸ ಬಾಕಿಯಿತ್ತು. ಸಂಜೆ ಚೀಲ ಎತ್ತಿಕೊಂಡು ಹೊರಡುವಾಗ ಎಲೆ ಮಾತ್ರ ಅಲ್ಲಿತ್ತು.

ಸಾಲಗಾಮೆ ರಸ್ತೆಯ ಯಜಮಾನರು ಸೊಂಟದ ಮೇಲೆ ಕೈಯಿಟ್ಟು ಇನ್ನೂ ನಿಂತೇ ಇದ್ದಾರೆ, ಪಾಪ. ಇದು ನಾನು ಹೋಗಲಾಗದೆ ಬಿಟ್ಟುಹೋಗಿದ್ದ ಮನೆಗಳಲ್ಲೊಂದು. ಈಚೆಗೆ ಯಾರ್ಯಾರೋ ಬಂದು ಟೇಪು ಸುತ್ತಿ ಹೋಗಿದ್ದರು. "ಇಲಿ ಕಾಟ ಸಾ" ಎಂದರೆ ಮುಗಿಯುತ್ತಿತ್ತು. ಸಾಕ್ಷಿ ಎದುರಿಗೇ ಇತ್ತು, ಐದು ಮರಿ ಸಮೇತ. ಇಲಿ ಎದ್ದು ನಿಂತು ಅಲ್ಲ ಎನ್ನುವುದಿಲ್ಲ.

ಮುಚ್ಚಳವನ್ನು ತಿರುಗಿಸಿ ಅವರ ಕಡೆಗೆ ಹಿಡಿದೆ. ಕನ್ನಡಕ ಸರಿಮಾಡಿಕೊಂಡು ಓದಿದರು. ನನ್ನ ಮುಖ ನೋಡಿದರು. ಮತ್ತೆ ಓದಿದರು.

"ಇದು ನಿಮ್ಮದೇ ಹೆಸರಲ್ವಾ?"

"ಹೂಂ ಸಾ. ಆ ಬಡ್ಡೀಮಗ ನಾನೇಯ."

ನಾಲ್ಕು ಬಿಗಿಯುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಕೊನೆಗೆ ಗೂಡಿನ ಕಡೆ ಕೈ ತೋರಿಸಿ, "ಇವನ್ನೇನ್ರೀ ಮಾಡೋದು?" ಎಂದರು.

"ಮೈನ್ ಆಫ್ ಮಾಡಿ ಇವತ್ತೊಂದಿನ ಇಂಗೇ ತೆರ್ದು ಬುಟ್ಟಿರಿ ಸಾ. ಮನೆ ಬಯಲಾಯ್ತು ಅಂತ ತಾಯಿಗೆ ಗೊತ್ತಾಗಿರ್ತದೆ. ಬಾಯಲ್ಲಿ ಕಚ್ಕೊಂಡು ಒಂದೊಂದನ್ನೇ ಸಾಗಿಸ್ಕೊತದೆ. ನಾಳೆ ಬತ್ತೀನಿ."

ಮಾರನೇ ದಿನ ಹೋದಾಗ ಗೂಡು ಖಾಲಿ. ಒಂದು ಮರಿಯನ್ನೂ ಬಿಟ್ಟಿರಲಿಲ್ಲ. ಪೈಪು ತೊಳೆದೆ, ಹೊಸ ವೈರು ಎಳೆದೆ, ಸಂದಿಗಳಿಗೆಲ್ಲ ಗಾಜಿನ ಪುಡಿಯ ಸಿಮೆಂಟು ಮೆತ್ತಿದೆ. ಮುಚ್ಚಳ ಹಾಕುವ ಮುಂಚೆ ಅಭ್ಯಾಸದಂತೆ ಕಿವಿಯ ಮೇಲಿನ ಪೆನ್ಸಿಲು ತೆಗೆದೆ. ಹೆಸರು ಆಗಲೇ ಇತ್ತು. ಅದರ ಕೆಳಗೆ, ಮುಂದೆಂದಾದರೂ ಇದನ್ನು ಬಿಚ್ಚುವವನು ಓದಿಕೊಳ್ಳಲೆಂದು, ದಪ್ಪ ಅಕ್ಷರದಲ್ಲಿ ಬರೆದೆ: ಎಣ್ಣೆ ಹಾಕಬೇಡ.